ಯಾವ ಕೆನ್ನೆಗೆ ಗುದ್ದಿಕೊಳ್ಳುತ್ತಾನೆ? ಒಂದು ಪ್ರಕರಣ ಅಧ್ಯಯನ

ಭಾನುವಾರ ಬೆಳಿಗ್ಗೆ ನನ್ನ ಮೊಬೈಲಿಗೆ ಬಂದ ಸಂದೇಶದಲ್ಲಿ ಇದ್ದದ್ದು ಮೂರೇ ಸಾಲು. ಹದಿನೇಳು ವರ್ಷದ ಹುಡುಗ, ಮಾತಿಲ್ಲ, ಮೂರು ರಾತ್ರಿಗಳಿಂದ ನಿದ್ದೆಯಿಲ್ಲ. ಎಡದವಡೆಗೆ ಗುದ್ದಿಕೊಳ್ಳುತ್ತಿದ್ದಾನೆ, ಹಲ್ಲು ನೋಡಿಸಿ. ತಾಯಿಯನ್ನೂ ಬೇರೆಯಾಗಿ ಮಾತನಾಡಿಸಿ.

ಕಳಿಸಿದವರು ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯವರು. ನಾನು ಜಿಲ್ಲಾ ಮಾನಸಿಕ ಆರೋಗ್ಯ ತಂಡದ ಸಮಾಜ ಕಾರ್ಯಕರ್ತೆ. ಇಂಥ ಸಂದೇಶಗಳು ಸಾಮಾನ್ಯವಾಗಿ "ಹಿಂಸಾತ್ಮಕ ವರ್ತನೆ, ತುರ್ತು" ಎಂಬಲ್ಲಿಗೆ ಮುಗಿದುಬಿಡುತ್ತವೆ. ಎರಡನೆಯ ಮತ್ತು ಮೂರನೆಯ ಸಾಲು ಓದಿದಾಗ, ಆ ಕರೆ ತೆಗೆದುಕೊಂಡವರು ಕೆಲಸ ಬಲ್ಲವರು ಎಂದು ತಿಳಿಯಿತು.

ಇದು 2023ರ ಅಕ್ಟೋಬರಿನ ಮಾತು. ತಾಯಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಊರು ಮಧ್ಯ ಕರ್ನಾಟಕದ ಮೆಕ್ಕೆಜೋಳದ ಸೀಮೆಯದು ಎಂದರೆ ಸಾಕು. ದೊಡ್ಡ ಮಾನಸಿಕ ಆಸ್ಪತ್ರೆಗಳಿರುವ ಬೆಂಗಳೂರೂ ದೂರ, ಧಾರವಾಡವೂ ದೂರ.

ಮನೆ, ಹುಡುಗ, ಟ್ರಂಕಿನ ಕಾಗದ

ಹುಡುಗ ಹುಟ್ಟಿದ್ದು 2006ರ ಆಗಸ್ಟಿನಲ್ಲಿ. ಎರಡು ವರ್ಷದ ಹೊತ್ತಿಗೆ ಆಡುತ್ತಿದ್ದ ನಾಲ್ಕಾರು ಮಾತುಗಳು ನಿಂತುಹೋದವು. ಹೆಸರು ಹಿಡಿದು ಕೂಗಿದರೆ ತಿರುಗುತ್ತಿರಲಿಲ್ಲ, ಆದರೆ ಪಕ್ಕದ ಓಣಿಯಲ್ಲಿ ಹಿಟ್ಟಿನ ಗಿರಣಿ ಶುರುವಾದರೆ ಊಟ ಬಿಟ್ಟು ಓಡುತ್ತಿದ್ದ. ಗಿರಣಿ ಅವನ ಸೋದರಮಾವನದು. ತಿರುಗುವ ವಸ್ತು ಮತ್ತು ಅದರ ಸದ್ದು, ಇವೆರಡು ಅವನಿಗೆ ಬೇಕು. ಮೇಜಿನ ಫ್ಯಾನಿನ ಮುಂದೆ ಬಾಯಿ ತೆರೆದು "ಆ" ಎಂದು, ತುಂಡು ತುಂಡಾಗಿ ಮರಳುವ ತನ್ನದೇ ದನಿಯನ್ನು ಕೇಳುತ್ತ ಕೂರುವುದು ಅವನ ಆಟ. ರಾತ್ರಿ ಫ್ಯಾನಿನ ಗುಂಯ್ ಸದ್ದಿಲ್ಲದೆ ಮಲಗಿದವನಲ್ಲ.

2012ರಲ್ಲಿ ಒಂದು ಶಿಬಿರದಲ್ಲಿ ಅವನಿಗೆ ಅಂಗವಿಕಲತೆಯ ಪ್ರಮಾಣಪತ್ರ ಸಿಕ್ಕಿತು. ಅದರಲ್ಲಿ ಬರೆದದ್ದು "ಬುದ್ಧಿಮಾಂದ್ಯತೆ". ಬರೆದ ವೈದ್ಯರನ್ನು ನಾನು ದೂರುವುದಿಲ್ಲ. ಆಗ ಚಾಲ್ತಿಯಲ್ಲಿದ್ದ 1995ರ ಕಾಯ್ದೆಯ ಪಟ್ಟಿಯಲ್ಲಿ ಇದ್ದದ್ದು ಏಳೇ ವೈಕಲ್ಯಗಳು. ಇವನಿಗಿದ್ದ ಆಟಿಸಂ, ಅಂದರೆ ಮಾತು ಮತ್ತು ಒಡನಾಟ ಬೇರೆ ಬಗೆಯಲ್ಲಿ ಬೆಳೆಯುವ ಸ್ಥಿತಿ, ಅದರಲ್ಲಿ ಇರಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿ ಆಟಿಸಂಗೆ ಅದರದೇ ಜಾಗ ಕೊಟ್ಟಿತು. ಆದರೆ ದಿಲ್ಲಿಯಲ್ಲಿ ಕಾಯ್ದೆ ಬದಲಾದ ಮಾತ್ರಕ್ಕೆ ಹಳ್ಳಿಯ ಮನೆಯ ಟ್ರಂಕಿನಲ್ಲಿರುವ ಕಾಗದ ಬದಲಾಗುವುದಿಲ್ಲ. ಈ ಒಂದು ಪದ ಹನ್ನೊಂದು ವರ್ಷಗಳ ನಂತರ, ಅದೂ ನಡುರಾತ್ರಿಯಲ್ಲಿ, ಅಡ್ಡ ಬರಲಿತ್ತು.

ಏಳನೆಯ ತರಗತಿಯವರೆಗೆ ಊರ ಶಾಲೆಯ ಹಾಜರಿಯಲ್ಲಿ ಅವನ ಹೆಸರಿತ್ತು. ವಾರಕ್ಕೊಮ್ಮೆ ವಿಶೇಷ ಸಂಪನ್ಮೂಲ ಶಿಕ್ಷಕಿ ಮನೆಗೆ ಬಂದು ಚಿತ್ರ ಜೋಡಿಸುವುದು, ಗುಂಡಿ ಹಾಕುವುದು ಕಲಿಸಿದ್ದರು. ಆಮೇಲೆ ಅದೂ ನಿಂತಿತು. ತಂದೆ ಬೆಂಗಳೂರಿನಲ್ಲಿ ಗಾರೆ ಕೆಲಸ, ಹಬ್ಬಕ್ಕೆ ಬಂದುಹೋಗುವವರು. ಅವ್ವ ಮತ್ತು ಮಗ, ಇಬ್ಬರದೇ ಮನೆ.

ನಾಲ್ಕು ಬಾಗಿಲು

ಗುರುವಾರ ರಾತ್ರಿ ಶುರುವಾಯಿತು. ಹುಡುಗ ಮುಷ್ಟಿ ಕಟ್ಟಿ ಮುಖಕ್ಕೆ ಗುದ್ದಿಕೊಳ್ಳತೊಡಗಿದ. ತಡೆಯಲು ಹೋದ ತಾಯಿಯ ಮುಂಗೈಯನ್ನು ಕಚ್ಚಿದ. ಓಣಿ ನೆರೆಯಿತು. ಗಾಳಿ ಸೋಕಿದೆ ಎಂದರು ಒಬ್ಬರು. ಹಗ್ಗ ತಂದರು ಇನ್ನೊಬ್ಬರು. ಹಗ್ಗವನ್ನು ತಾಯಿ ಕಸಿದು ಬಚ್ಚಲಿಗೆ ಎಸೆದರು. ಆ ಇಡೀ ರಾತ್ರಿಯಲ್ಲಿ ನಡೆದ ಸರಿಯಾದ ಕೆಲಸ ಅದೊಂದೇ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಮಾವ ಬಾಡಿಗೆ ಗಾಡಿ ಹಿಡಿದು ಹತ್ತಿರದ ಆಸ್ಪತ್ರೆಯೊಂದಕ್ಕೆ ಕರೆದೊಯ್ದರು. ಕರ್ತವ್ಯದಲ್ಲಿದ್ದ ಯುವ ವೈದ್ಯರು ಪ್ರಮಾಣಪತ್ರ ನೋಡಿ, "ಇದು ಬುದ್ಧಿಮಾಂದ್ಯತೆ, ಮಾನಸಿಕ ಕಾಯಿಲೆಯಲ್ಲ, ನಮ್ಮಲ್ಲಿ ಆಗುವುದಿಲ್ಲ" ಎಂದರು. ಆದರೂ ಹುಡುಗ ಗುದ್ದಿಕೊಳ್ಳುವುದನ್ನು ನೋಡಲಾರದೆ ಒಂದು ಇಂಜೆಕ್ಷನ್ ಕೊಟ್ಟು, ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದು ಚೀಟಿ ಬರೆದರು. ಯಾವ ದೊಡ್ಡ ಆಸ್ಪತ್ರೆ ಎಂದು ಚೀಟಿಯಲ್ಲಿ ಇರಲಿಲ್ಲ.

ಆ ವೈದ್ಯರ ಮಾತಿಗೆ ಕಾನೂನಿನ ಆಧಾರ ಇಲ್ಲದೆ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ಕಾಯಿಲೆಯ ವ್ಯಾಖ್ಯೆಯಿಂದ ಬುದ್ಧಿಮಾಂದ್ಯತೆಯನ್ನು ಹೊರಗಿಟ್ಟಿದೆ. ಅದರ ಉದ್ದೇಶ ಒಳ್ಳೆಯದೇ: ಬುದ್ಧಿ ಬೆಳವಣಿಗೆ ನಿಧಾನವಾದವರನ್ನು ಹುಚ್ಚಾಸ್ಪತ್ರೆಗೆ ದೂಡುವ ಹಳೆಯ ಚಾಳಿ ನಿಲ್ಲಬೇಕು ಎಂಬುದು. ಆದರೆ ಅಂಥವರಿಗೆ ಆತಂಕ, ಖಿನ್ನತೆ, ನಿದ್ದೆಗೇಡು, ಚಿತ್ತವಿಕಲತೆ ಬರುವುದೇ ಇಲ್ಲ ಎಂದು ಕಾಯ್ದೆ ಎಲ್ಲೂ ಹೇಳಿಲ್ಲ. ಅದರ 94ನೆಯ ಕಲಮು ಮಾನಸಿಕ ತುರ್ತಿನಲ್ಲಿ ಯಾವುದೇ ನೋಂದಾಯಿತ ವೈದ್ಯರು 72 ಗಂಟೆಗಳವರೆಗೆ ಚಿಕಿತ್ಸೆ ಕೊಡಬಹುದು ಎನ್ನುತ್ತದೆ, ಹತ್ತಿರದ ಮಾನಸಿಕ ಆರೋಗ್ಯ ಸಂಸ್ಥೆಗೆ ಸಾಗಿಸುವುದೂ ಅದರೊಳಗೆ ಬರುತ್ತದೆ. ಮನೋವೈದ್ಯರೇ ಆಗಬೇಕೆಂದಿಲ್ಲ. "ಇದು ನಮ್ಮದಲ್ಲ" ಎನ್ನುವ ಮುನ್ನ ನೋವಿದೆಯೇ ಎಂದು ನೋಡುವುದಕ್ಕಂತೂ ಯಾವ ಕಲಮೂ ಬೇಕಾಗಿರಲಿಲ್ಲ.

ಶುಕ್ರವಾರ ಮಧ್ಯಾಹ್ನದವರೆಗೆ ಹುಡುಗ ಮಲಗಿದ. ಎದ್ದಾಗ ಕುತ್ತಿಗೆ ಒಂದು ಕಡೆಗೆ ತಿರುಚಿಕೊಂಡಿತ್ತು, ಕಣ್ಣುಗುಡ್ಡೆ ಮೇಲಕ್ಕೆ ಸೆಳೆದುಕೊಂಡಿತ್ತು. ಗಾಳಿ ಎಂದಿದ್ದವರಿಗೆ ಇದಕ್ಕಿಂತ ಸಾಕ್ಷಿ ಬೇಕೇ? ಉದ್ರೇಕ ತಗ್ಗಿಸಲು ಇಂಜೆಕ್ಷನ್ನಿನಲ್ಲಿ ಕೊಡುವ ಹ್ಯಾಲೋಪೆರಿಡಾಲ್‌ನಂಥ ಔಷಧಿಗಳು ಹರೆಯದ ಹುಡುಗರಲ್ಲಿ ಹೀಗೆ ಮಾಡುವುದುಂಟು. ಮದ್ದು ಕೊಟ್ಟರೆ ಹೆಚ್ಚು ಹೊತ್ತು ಹಿಡಿಯದೆ ಸರಿಹೋಗುವ ಅಡ್ಡಪರಿಣಾಮ ಅದು. ಇಂಜೆಕ್ಷನ್ ಕೊಟ್ಟವರು ಅದನ್ನು ಒಂದು ಮಾತಿನಲ್ಲಿ ಹೇಳಿಟ್ಟಿದ್ದರೆ ಈ ಕುಟುಂಬ ಅಂದು ಸಂಜೆ ದೇವರ ಹೇಳಿಕೆ ಕೇಳಲು ಹೋಗುತ್ತಿರಲಿಲ್ಲ. ಅಲ್ಲಿ ತಾಯತ ಕಟ್ಟಿ ಮೂರು ಅಮಾವಾಸ್ಯೆ ಬರಲು ಹೇಳಿದರು.

ರಾತ್ರಿ ನಗರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಕುತ್ತಿಗೆ ನೇರವಾಯಿತು. ದಾಖಲು ಮಾಡಿಕೊಳ್ಳಿ ಎಂದರೆ, ಇಂಥವರಿಗೆ ಹಾಸಿಗೆ ಇಲ್ಲ ಎಂದರು. ಶನಿವಾರ ಮಾವ ಒಂದು ಕಚೇರಿಗೆ ಹೋದರು. ಅಂಗವಿಕಲರ ಕೆಲಸ ನೋಡುವ ಕಚೇರಿ ಎಂದು ಯಾರೋ ಹೇಳಿದ್ದರಂತೆ. ಅಲ್ಲಿದ್ದವರು ಸೌಜನ್ಯದಿಂದಲೇ ಚಹಾ ಕೊಟ್ಟು, "ನಮ್ಮದು ಪಿಂಚಣಿ, ಸಲಕರಣೆ, ವಿದ್ಯಾರ್ಥಿವೇತನ, ಇದು ಆಸ್ಪತ್ರೆಯ ಕೆಲಸ" ಎಂದರು.

ಮೊದಲ ಆಸ್ಪತ್ರೆ ಇದು ಅಂಗವೈಕಲ್ಯ ಎಂದಿತು. ಅಂಗವೈಕಲ್ಯದ ಕಚೇರಿ ಇದು ಆಸ್ಪತ್ರೆಯ ಕೆಲಸ ಎಂದಿತು. ಮೇಲೆಯೂ ಹೀಗೆಯೇ ಇದೆ. ಮಾನಸಿಕ ಆರೋಗ್ಯದ ಕಾಯ್ದೆ ಆರೋಗ್ಯ ಸಚಿವಾಲಯದ್ದು, ಅಂಗವಿಕಲರ ಕಾಯ್ದೆ ಸಾಮಾಜಿಕ ನ್ಯಾಯ ಸಚಿವಾಲಯದ್ದು. ಎರಡು ಹೊಲಗಳ ನಡುವಿನ ಬದುವಿನ ಮೇಲೆ ಈ ಹುಡುಗ ನಿಂತಿದ್ದ. ಮೂರು ದಿನಗಳಲ್ಲಿ ಅವನನ್ನು ಕಂಡವರೆಲ್ಲರೂ ಇವನು ಯಾರ ಪಾಲಿನವನು ಎಂದು ನೋಡಿದರು. ಎಲ್ಲಿ ನೋಯುತ್ತಿದೆ ಎಂದು ಯಾರೂ ನೋಡಲಿಲ್ಲ.

14416

ಶನಿವಾರ ರಾತ್ರಿ ಶಾಲೆಯ ಮುಖ್ಯೋಪಾಧ್ಯಾಯಿನಿ ಒಂದು ಸಂಖ್ಯೆ ಕೊಟ್ಟರು. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ಶುರುವಾದ ಟೆಲಿ ಮನಸ್ ಅದು. 14416 ಅಥವಾ 1800 891 4416. ಹಗಲೂ ರಾತ್ರಿಯೂ ಇರುತ್ತದೆ, ಹಣವಿಲ್ಲ, ಕನ್ನಡದಲ್ಲಿ ಮಾತನಾಡಬಹುದು. ಇದರ ರಾಷ್ಟ್ರಮಟ್ಟದ ಹೊಣೆ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನದು. ಮೊದಲು ಸಿಗುವವರು ಆಪ್ತಸಮಾಲೋಚಕರು, ಅಗತ್ಯ ಬಿದ್ದರೆ ಮೇಲಿನ ತಜ್ಞರಿಗೋ ನಮ್ಮಂಥ ಜಿಲ್ಲಾ ತಂಡಕ್ಕೋ ದಾಟಿಸುತ್ತಾರೆ.

ಆ ಕರೆಯ ಬಗ್ಗೆ ತಾಯಿ ನನಗೆ ನಾಲ್ಕೈದು ಸಲ ಹೇಳಿದ್ದಾರೆ. ಪ್ರತಿ ಸಲವೂ ಒಂದೇ ಮಾತಿನಿಂದ ಆರಂಭಿಸುತ್ತಾರೆ: "ಆ ತಂಗಿ ಮೊದಲು, ಊಟ ಮಾಡಿದಿರಾ ಅಕ್ಕ ಎಂದು ಕೇಳಿದಳು."

ನಂತರದ ಪ್ರಶ್ನೆಗಳು ಹೀಗಿದ್ದವಂತೆ. ಹುಡುಗನ ಸುತ್ತ ಎಷ್ಟು ಜನ ಇದ್ದಾರೆ? ಒಬ್ಬರೇ ಇರಿ, ಉಳಿದವರನ್ನು ಹೊರಗೆ ಕಳಿಸಿ. ದೀಪ ಸಣ್ಣದು ಮಾಡಿ. ಕೈ ಹಿಡಿದು ಎಳೆಯಬೇಡಿ, ಗೋಡೆ ಮತ್ತು ತಲೆಯ ನಡುವೆ ದಿಂಬು ಒಡ್ಡಿ. ಜ್ವರ ಇದೆಯೇ? ಮಲವಿಸರ್ಜನೆ ಆಗಿ ಎಷ್ಟು ದಿನವಾಯಿತು? ಕಿವಿ ಸೋರುತ್ತಿದೆಯೇ? ಮೂರ್ಛೆ ಬರುತ್ತದೆಯೇ? ರೊಟ್ಟಿ ಅಗಿಯುತ್ತಾನೆಯೇ ಅಥವಾ ಗಂಜಿ ಮಾತ್ರವೇ? ಕೊನೆಗೆ, "ಅಕ್ಕ, ಅವನು ಯಾವ ಕೆನ್ನೆಗೆ ಗುದ್ದಿಕೊಳ್ಳುತ್ತಾನೆ?"

ತಾಯಿ ತಡವರಿಸಿದರು. ಮೂರು ದಿನ ಎದುರಿಗೇ ಇದ್ದರೂ ಅದನ್ನು ಗಮನಿಸಿರಲಿಲ್ಲ. ನೋಡಿ ಹೇಳಿದರು: ಎಡ. ಪ್ರತಿ ಸಲವೂ ಎಡದವಡೆ.

ಮಾತು ಬಾರದ ಆಟಿಸಂ ಮಕ್ಕಳ ವರ್ತನೆ ಇದ್ದಕ್ಕಿದ್ದಂತೆ ಕೆಟ್ಟರೆ ಮೊದಲು ಹುಡುಕಬೇಕಾದದ್ದು ನೋವನ್ನು. ಹಲ್ಲು, ಕಿವಿ, ಮಲಬದ್ಧತೆ, ಹೊಟ್ಟೆಯುರಿ, ಹೆಣ್ಣುಮಕ್ಕಳಲ್ಲಿ ಮುಟ್ಟಿನ ನೋವು. ನಮ್ಮ ಕ್ಷೇತ್ರದಲ್ಲಿ ಇದು ಹೊಸ ವಿದ್ಯೆಯೇನಲ್ಲ. ಆದರೂ ತುರ್ತು ಕೊಠಡಿಯ ಗದ್ದಲದಲ್ಲಿ ಆಟಿಸಂ ಎಂಬ ಪದವೇ ಎಲ್ಲ ವರ್ತನೆಗೂ ಕಾರಣವಾಗಿ ಕೂತುಬಿಡುತ್ತದೆ. ಬೇರೆ ಹುಡುಗ ದವಡೆ ಹಿಡಿದು ಅತ್ತರೆ ಹಲ್ಲುನೋವು ಎನ್ನುತ್ತೇವೆ. ಇವನು ದವಡೆಗೆ ಗುದ್ದಿಕೊಂಡರೆ ಕಾಯಿಲೆಯ ಲಕ್ಷಣ ಎಂದು ಬರೆಯುತ್ತೇವೆ.

ಹಲ್ಲು, ಫ್ಯಾನು, ಮಾತ್ರೆ

ಸೋಮವಾರ ನಾನು ಮನೆಗೆ ಹೋದೆ. ಮಂಗಳವಾರ ಅವರು ತಾಲ್ಲೂಕು ಆಸ್ಪತ್ರೆಗೆ ಬಂದರು. ರಾಜ್ಯದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಇದೆ. ಮೂರು ದಿನ ಸಾವಿರಾರು ರೂಪಾಯಿ ಸುರಿದು ತಿರುಗಿದ ಕುಟುಂಬಕ್ಕೆ, ತಮ್ಮದೇ ತಾಲ್ಲೂಕಿನಲ್ಲಿ ವಾರಕ್ಕೊಂದು ದಿನ ಮನೋವೈದ್ಯರು ಕೂರುತ್ತಾರೆ ಎಂಬುದು ಗೊತ್ತಿರಲಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು ಎಂದು ನಾವು ತರಬೇತಿಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಹೆಮ್ಮೆಯನ್ನು ಬಸ್ ನಿಲ್ದಾಣದ ಗೋಡೆಯ ಮೇಲೂ ಬರೆಸಬಾರದೇ ಎಂದು ನನಗೆ ಆ ದಿನ ಅನ್ನಿಸಿತು.

ಹುಡುಗ ಬಾಯಿ ತೆರೆಯಲಿಲ್ಲ. ಚಮಚ ತಂದರೆ ತಳ್ಳಿದ. ವೈದ್ಯರು ನಿದ್ದೆಯ ಇಂಜೆಕ್ಷನ್ ಕೊಡುವುದೇ ಎಂದು ಯೋಚಿಸುತ್ತಿರುವಾಗ ತಾಯಿ ಮೆಲ್ಲಗೆ ಕೇಳಿದರು: "ಸರ್, ಇಲ್ಲಿ ಮೇಜಿನ ಫ್ಯಾನು ಇದೆಯೇ?" ಔಷಧಾಲಯದಿಂದ ಒಂದನ್ನು ತಂದು ಹಚ್ಚಿದೆವು. ಅವನು ಅದರ ಮುಂದೆ ಬಾಗಿ "ಆ" ಎಂದ. ವೈದ್ಯರು ಟಾರ್ಚು ಹಿಡಿದರು. ಎಡಗಡೆಯ ಕೆಳದವಡೆ ಹಲ್ಲಿನ ಬುಡ ಊದಿ ಕೀವು ತುಂಬಿತ್ತು.

ಆಂಟಿಬಯಾಟಿಕ್ ಮತ್ತು ನೋವಿನ ಔಷಧಿ ಅಂದೇ ಶುರುವಾದವು. ಹಲ್ಲು ಕೀಳಿಸುವುದು ಮಾತ್ರ ಸುಲಭವಾಗಲಿಲ್ಲ. ಇಬ್ಬರು ದಂತವೈದ್ಯರು ಹುಡುಗನನ್ನು ನೋಡಿದ ಕೂಡಲೇ ಆಗದು ಎಂದು ಕೈಯಾಡಿಸಿಬಿಟ್ಟರು. ಒಂದು ದಂತ ವೈದ್ಯಕೀಯ ಕಾಲೇಜಿನವರು ಪೂರ್ಣ ಅರಿವಳಿಕೆ ಕೊಟ್ಟು ಮಾಡಲು ಒಪ್ಪಿದರು. ಒಂಬತ್ತು ದಿನಗಳ ನಂತರ ಎರಡು ಹಲ್ಲು ಹೋದವು.

ಆದರೂ ರಾತ್ರಿಯ ನಿದ್ದೆ ಬರಲಿಲ್ಲ. ಆ ವರ್ಷ ಮಳೆ ಕೈಕೊಟ್ಟಿತ್ತು, ಅಕ್ಟೋಬರಿನಲ್ಲಿ ವಿದ್ಯುತ್ತಿನ ಕೊರತೆ ಬಿಗಿಯಾಯಿತು, ಹಳ್ಳಿಗಳಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಕರೆಂಟು ಹೋಗುತ್ತಿತ್ತು. ಕರೆಂಟು ಹೋದಾಗ ಫ್ಯಾನು ನಿಲ್ಲುತ್ತಿತ್ತು. ಫ್ಯಾನು ನಿಂತ ಕ್ಷಣಕ್ಕೆ ಹುಡುಗ ಎದ್ದು ಕೂರುತ್ತಿದ್ದ. ಇದು ನಮಗೆ ತಿಳಿದದ್ದು ತಾಯಿಗೆ ಒಂದು ನೋಟ್‌ಬುಕ್ ಕೊಟ್ಟು, ಮಲಗಿದ ಮತ್ತು ಎದ್ದ ಹೊತ್ತನ್ನು ಬರೆಯಿಸಿದ ಮೇಲೆ. ಎರಡನೆಯ ವಾರ ಆ ಪುಟ ನೋಡಿ ಮಾವ ತಲೆ ಚಚ್ಚಿಕೊಂಡರು, "ಇದು ನನ್ನ ಗಿರಣಿ ನಿಲ್ಲುವ ಹೊತ್ತು ಮೇಡಂ!" ಮರುದಿನವೇ ಬ್ಯಾಟರಿಯಿಂದ ಓಡುವ ಫ್ಯಾನು ತಂದರು.

ವೈದ್ಯರು ರಿಸ್ಪೆರಿಡೋನನ್ನು ಸಣ್ಣ ಪ್ರಮಾಣದಲ್ಲಿ ಬರೆದಿದ್ದರು. ಅದು ಆಟಿಸಂ ಗುಣಪಡಿಸುವ ಮಾತ್ರೆಯಲ್ಲ, ಅಂಥ ಮಾತ್ರೆ ಇಲ್ಲ; ಕೆರಳುವುದನ್ನು, ತನಗೆ ತಾನೇ ಗಾಯ ಮಾಡಿಕೊಳ್ಳುವುದನ್ನು ತಗ್ಗಿಸುತ್ತದೆ, ಹಸಿವನ್ನೂ ತೂಕವನ್ನೂ ಏರಿಸುತ್ತದೆ ಎಂದು ಬಿಡಿಸಿ ಹೇಳಿದ್ದರು. ಹಲ್ಲು, ಫ್ಯಾನು, ಮಾತ್ರೆ, ಮೂರರಲ್ಲಿ ಯಾವುದು ಎಷ್ಟು ಕೆಲಸ ಮಾಡಿತು ಎಂದು ಕೇಳಿದರೆ ತಾಯಿ ಫ್ಯಾನಿನ ಕಡೆಗೆ ಕೈ ತೋರಿಸುತ್ತಾರೆ. ನಾನು ಹಲ್ಲು ಎನ್ನುತ್ತೇನೆ. ವೈದ್ಯರು ನಗುತ್ತಾರೆ.

ನಿಮ್ಹಾನ್ಸ್‌ಗೆ ಹೋಗಬೇಕಲ್ಲವೇ ಎಂದು ಮಾವ ಮತ್ತೆ ಮತ್ತೆ ಕೇಳುತ್ತಿದ್ದರು. ನಿಮ್ಹಾನ್ಸ್‌ನ ತುರ್ತು ವಿಭಾಗ ಹಗಲೂ ರಾತ್ರಿಯೂ ತೆರೆದಿರುತ್ತದೆ. ನಮ್ಮ ಭಾಗದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ಇದೆ. ಮೂರ್ಛೆ ಬಂದರೆ, ನೀರನ್ನೂ ಬಿಟ್ಟರೆ, ಗೊಂಬೆಯಂತೆ ಸೆಟೆದು ನಿಂತುಬಿಟ್ಟರೆ, ಮನೆಯಲ್ಲಿ ಯಾರ ಜೀವಕ್ಕಾದರೂ ಅಪಾಯ ತಗ್ಗದಿದ್ದರೆ ಹಿಂದೆಮುಂದೆ ನೋಡದೆ ಹೊರಡಿ ಎಂದೆ. ಅಲ್ಲಿಯವರೆಗೆ, ಹೊಸ ಜಾಗ, ಉದ್ದ ಸಾಲು, ನೂರಾರು ಮಂದಿಯ ಗದ್ದಲ ಈ ಹುಡುಗನಿಗೆ ಇನ್ನೊಂದು ಪೆಟ್ಟು. ಮಾವ ಪೂರ್ತಿ ಒಪ್ಪಲಿಲ್ಲ. ಹೋಗಿ ಬಂದಿದ್ದರೆ ತಪ್ಪೇನೂ ಆಗುತ್ತಿರಲಿಲ್ಲ ಎಂಬುದು ಅವರ ಅಭಿಪ್ರಾಯ, ಇಂದಿಗೂ.

ಎರಡನೆಯ ಕಡತ

ಸಂದೇಶದ ಮೂರನೆಯ ಸಾಲು ಉಳಿದಿತ್ತು. ಸೋಮವಾರ ಮನೆಗೆ ಹೋದಾಗ ಹುಡುಗನನ್ನು ಮಾವನ ಬಳಿ ಬಿಟ್ಟು ತಾಯಿಯನ್ನು ಹಿತ್ತಲಿಗೆ ಕರೆದೊಯ್ದೆ. ಮುಂಗೈಯ ಗಾಯಕ್ಕೆ ಅರಿಶಿನ ಮೆತ್ತಿದ್ದರು. ಮನುಷ್ಯರ ಕಡಿತವೂ ನಂಜಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಮಾತು ಹವಾಮಾನ, ಜೋಳದ ರೇಟು ದಾಟಿ ಮಗನವರೆಗೆ ಬಂದು ನಿಂತಿತು. ಆಗ ನೇರವಾಗಿ ಕೇಳಿದೆ: "ಸಾಯಬೇಕು ಎಂದು ಅನ್ನಿಸಿತ್ತೇ ಅಕ್ಕ?"

ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂದು ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಇರುವ ಯೋಚನೆ ಹೊರಬರಲು ದಾರಿಯಾಗುತ್ತದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ನಾನೊಬ್ಬಳೇ ಹೋದರೆ ಇವನಿಗೆ ಯಾರು ಎಂದು ನಿಂತೆ" ಎಂದರು. ಆ ವಾಕ್ಯದ ಅರ್ಧವನ್ನು ಅವರು ಶನಿವಾರ ರಾತ್ರಿ ಫೋನಿನಲ್ಲಿ ಹೇಳಿದ್ದರು. ಆ ಕಡೆಯ ಹುಡುಗಿ ಅದನ್ನು ಕೇಳಿಸಿಕೊಂಡಿದ್ದಳು.

ಮಂಗಳವಾರ ಮಗನ ಜೊತೆಗೆ ತಾಯಿಯ ಹೆಸರಿನಲ್ಲಿಯೂ ಒಂದು ಕಡತ ತೆರೆದೆವು. ಒಂದೂವರೆ ವರ್ಷದಿಂದ ಖಿನ್ನತೆ ಇತ್ತು. ಚಿಕಿತ್ಸೆ ಶುರುವಾಯಿತು. ಆಶಾ ಕಾರ್ಯಕರ್ತೆ ಮೊದಲ ತಿಂಗಳು ದಿನ ಬಿಟ್ಟು ದಿನ ಬಾಗಿಲಲ್ಲಿ ಇಣುಕಿ ಹೋಗುತ್ತಿದ್ದರು. ತಂದೆಗೆ ಫೋನು ಮಾಡಿದಾಗ ಆತ ಅತ್ತರು, ಮರುವಾರ ಬಂದರು, ಇಪ್ಪತ್ತು ದಿನ ಇದ್ದರು, ಮತ್ತೆ ಹೋದರು. ಬೆಂಗಳೂರಿನ ಕೂಲಿ ಬಿಟ್ಟರೆ ಈ ಮನೆ ನಡೆಯುವುದಿಲ್ಲ. ಇದಕ್ಕೆ ನನ್ನ ಬಳಿ ಯಾವ ಬಾಗಿಲೂ ಇಲ್ಲ.

ಕಾಗದದ ಕೆಲಸ

ನವೆಂಬರಿನಿಂದ ಮಾರ್ಚಿಯವರೆಗೆ ತಾಯಿ ಹನ್ನೊಂದು ಸಲ ಜಿಲ್ಲಾ ಕೇಂದ್ರಕ್ಕೆ ಓಡಾಡಿದರು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದಿದ್ದರಿಂದ ಅವರ ಬಸ್ ಪ್ರಯಾಣ ಉಚಿತವಾಗಿತ್ತು. ಇಲ್ಲದಿದ್ದರೆ ನಾಲ್ಕನೆಯ ಸಲಕ್ಕೇ ಕೈಬಿಡುತ್ತಿದ್ದೆ ಎಂದರು. ಜೊತೆಗೆ ಹೋದವರು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ಸ್ವತಃ ಪೋಲಿಯೋದಿಂದ ಕಾಲಿನ ಬಲ ಕಳೆದುಕೊಂಡವರು, ಯಾವ ಕೌಂಟರಿನಲ್ಲಿ ಯಾವ ಹೊತ್ತಿಗೆ ಹೋಗಬೇಕು ಎಂದು ಬಲ್ಲವರು. ಪ್ರತಿ ಪಂಚಾಯಿತಿಗೂ ಇಂಥ ಒಬ್ಬರ ಹುದ್ದೆ ಇದೆ. ಈ ತಾಯಿ ಅವರನ್ನು ಹದಿನೈದು ವರ್ಷದಿಂದ ಮುಖ ಪರಿಚಯದಲ್ಲಿ ಬಲ್ಲವರು. ಕೆಲಸ ಏನೆಂದು ತಿಳಿದದ್ದು ಈಗ.

ಮೊದಲ ಕೆಲಸ ಆ ಹಳೆಯ ಪದವನ್ನು ತಿದ್ದಿಸುವುದು. ಆಟಿಸಂ ಅಳೆಯಲು ನಮ್ಮಲ್ಲಿ ಬಳಸುವುದು ಐಸಾ ಎಂಬ ಭಾರತೀಯ ಮಾಪಕ. 40 ಅಂಶಗಳಿಗೆ ಒಂದರಿಂದ ಐದರವರೆಗೆ ಅಂಕ. 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕೆ ಮೇಲ್ಪಟ್ಟರೆ ತೀವ್ರ. ಇವನದು ಮಧ್ಯಮ ಎಂದಾಯಿತು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನಲ್ಲಿ ಮೊದಲ ಬಾರಿಗೆ ಆಟಿಸಂ ಎಂದು ಬಂತು. ಆ ಕಾರ್ಡಿನ ಮೇಲೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಗೆ ಅರ್ಜಿ ಹಾಕಿದೆವು. ವರ್ಷಕ್ಕೆ ಒಂದು ಲಕ್ಷದವರೆಗಿನ ವಿಮೆ ಅದು, ಥೆರಪಿಯ ಖರ್ಚೂ ಸೇರುತ್ತದೆ. ಹಲ್ಲಿನ ಖರ್ಚಿಗೆ ಮಾವ ಮಾಡಿದ ಸಾಲ ಅಷ್ಟರಲ್ಲಿ ಆಗಿಹೋಗಿತ್ತು.

ಮಕ್ಕಳ ಬೆಳವಣಿಗೆಯ ತೊಂದರೆಗಳಿಗೆಂದೇ ಇರುವ ಜಿಲ್ಲಾಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರ ಹದಿನೆಂಟು ವರ್ಷದವರೆಗಿನವರನ್ನು ನೋಡುತ್ತದೆ. ಇವನಿಗೆ ಉಳಿದದ್ದು ಹತ್ತು ತಿಂಗಳು. ಅಷ್ಟರಲ್ಲೇ ಅಲ್ಲಿನ ವಿಶೇಷ ಶಿಕ್ಷಕಿ ಚಿತ್ರದ ಕಾರ್ಡುಗಳನ್ನು ಕಲಿಸಿದರು: ನೀರು, ಗಿರಣಿ, ಸಾಕು, ನೋವು. ನೋವಿನ ಕಾರ್ಡಿಗೆ ಐದು ತಿಂಗಳು ಹಿಡಿಯಿತು. 2024ರ ಯುಗಾದಿಯ ಆಸುಪಾಸಿನಲ್ಲಿ ಅವನು ಆ ಕಾರ್ಡು ತಂದು ತಾಯಿಯ ಕೈಗಿಟ್ಟು, ಹೊಟ್ಟೆ ಮುಟ್ಟಿಕೊಂಡ. ಹೋಳಿಗೆ ಹೆಚ್ಚಾಗಿತ್ತು, ಅಷ್ಟೇ.

ಒಂದು ಹಾಳೆಯನ್ನೂ ಸಿದ್ಧಪಡಿಸಿದೆವು. ಹೆಸರು, ಆಟಿಸಂ ಇದೆ, ಮಾತು ಬಾರದು ಆದರೆ ಹೇಳಿದ್ದು ತಿಳಿಯುತ್ತದೆ, ಹ್ಯಾಲೋಪೆರಿಡಾಲ್ ಕೊಟ್ಟರೆ ಕುತ್ತಿಗೆ ತಿರುಚುತ್ತದೆ, ಗುದ್ದಿಕೊಂಡರೆ ಹಲ್ಲು ಕಿವಿ ಹೊಟ್ಟೆ ನೋಡಿ, ಫ್ಯಾನು ಹಚ್ಚಿ. ಕೆಳಗೆ 14416, ತುರ್ತು ಸಹಾಯದ 112, ಮಾವನ ಸಂಖ್ಯೆ. ಒಂದು ಪ್ರತಿ ಮನೆಯ ಬಾಗಿಲ ಹಿಂದೆ, ಒಂದು ಗಿರಣಿಯಲ್ಲಿ, ಒಂದು ಆಶಾ ಕಾರ್ಯಕರ್ತೆಯ ಚೀಲದಲ್ಲಿ.

2024ರ ಆಗಸ್ಟಿನಲ್ಲಿ ಅವನಿಗೆ ಹದಿನೆಂಟು ತುಂಬಿತು. ವಯಸ್ಕನಾದ ಮಗನಿಗೆ ತಂದೆತಾಯಿ ತಾವಾಗಿಯೇ ಕಾನೂನಿನ ಪೋಷಕರಾಗಿ ಉಳಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಸ್ಥಳೀಯ ಸಮಿತಿಗೆ ಅರ್ಜಿ ಕೊಡಬೇಕು. ಕೊಟ್ಟಿದ್ದಾರೆ. ನಾನು ಇದನ್ನು ಬರೆಯುವ ಹೊತ್ತಿಗೆ ಸಮಿತಿಯ ಸಭೆಗೆ ದಿನ ಗೊತ್ತಾಗಿಲ್ಲ.

ಹದಿನೆಂಟು ದಾಟಿದವರು ಹಗಲು ಕಳೆಯುವಂಥ ಕೇಂದ್ರ ಆ ತಾಲ್ಲೂಕಿನಲ್ಲಿ ಇಲ್ಲ. ಬೆಳಿಗ್ಗೆ ಎರಡು ಗಂಟೆ ಅವನು ಗಿರಣಿಯಲ್ಲಿ ಇರುತ್ತಾನೆ. ಖಾಲಿ ಚೀಲಗಳನ್ನು ಮಡಚಿ ಅಂಚಿಗೆ ಅಂಚು ಸೇರಿಸಿ ಒಟ್ಟುತ್ತಾನೆ, ಓರೆಯಾದರೆ ಮತ್ತೆ ಮೊದಲಿನಿಂದ. ಕರೆಂಟು ಹೋಗಿ ಬೆಲ್ಟು ನಿಂತಾಗ ಅವನೂ ನಿಲ್ಲುತ್ತಾನೆ. ಮಾವ ಬ್ಯಾಟರಿ ಫ್ಯಾನಿನ ಗುಂಡಿ ಒತ್ತುತ್ತಾರೆ. ಹಿಟ್ಟು ಬೀಸಿಸಲು ಬಂದ ಹೆಂಗಸರು ಡಬ್ಬಿ ಹಿಡಿದು, ಅವನ ಜೊತೆಗೆ, ಕರೆಂಟು ಬರುವುದನ್ನು ಕಾಯುತ್ತಾರೆ.